ನಂಬಿಕೆ ಸಾಕೇ, ಸತ್ಕಾರ್ಯವೂ ಬೇಕೇ?

ಕುಂಬಳೆ: ಬದಿಯಡ್ಕ ಕಡೆಗೆ ಹೋಗುವವರಿಗೆ ಬೇಳದ ಇಗರ್ಜಿ ಹೊಸತಲ್ಲ. 1890ರಲ್ಲಿ ಸ್ಥಾಪನೆಯಾದ ಶೋಕಮಾತೆಯ ಈ ದೇವಾಲಯ ಇರುವುದು ಕೇರಳದಲ್ಲಾದರೂ ಸೇರಿರುವುದು ಮಂಗಳೂರು ಧರ್ಮಪ್ರಾಂತ್ಯಕ್ಕೆ. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ತುಳು, ಮಲಯಾಳ ಎಂದು ಬದುಕುವ ಕೆಥೋಲಿಕ್ ಕುಟುಂಬಗಳು ಈ ಭಾಗದಲ್ಲಿ ಹಲವು. ನೆರೆಕರೆಯವರು ಇವರಲ್ಲಿ ಕೇಳುವುದುಂಟು: ನಿಮ್ಮಲ್ಲಿ ಯೇಸುವನ್ನು ನಂಬಿದರೆ ಸಾಕಂತೆ, ಹೌದಾ? ಹಾಗಾದರೆ ಈ ದಾನ, ಉಪವಾಸ, ಆಸ್ಪತ್ರೆ ಎಲ್ಲ ಯಾಕೆ?

ಸಾಕೂ ಅಲ್ಲ, ಇಲ್ಲದೆ ಆಗುವುದೂ ಇಲ್ಲ. ಕೆಥೋಲಿಕ್ ಸಭೆಯ ಲೆಕ್ಕದಲ್ಲಿ ಮೊದಲು ಬರುವುದು ದೇವರ ಕೃಪೆ. ಅದು ದುಡಿದದ್ದಕ್ಕೆ ಸಿಗುವ ಸಂಬಳವಲ್ಲ, ಪುಕ್ಕಟೆ ಬಂದದ್ದು. ಎಳೆ ಶಿಶುವಿಗೆ ಜ್ಞಾನಸ್ನಾನ ಕೊಡುವುದೂ ಇದೇ ನಂಬಿಕೆಯ ಮೇಲೆ. ತೊಟ್ಟಿಲ ಮಗು ಯಾರಿಗೆ ಏನು ದಾನ ಮಾಡಿದೆ? ಆದರೆ ಬೆಳೆದು ದೊಡ್ಡವರಾದ ಮೇಲೆ ಕೈಕಟ್ಟಿ ಕೂರುವ ಹಾಗಿಲ್ಲ. ಉಡಲು ಬಟ್ಟೆ, ಉಣ್ಣಲು ಅನ್ನ ಇಲ್ಲದವನನ್ನು ಬರೇ ಒಳ್ಳೆ ಮಾತು ಹೇಳಿ ಕಳಿಸಿದರೆ ಏನು ಪ್ರಯೋಜನ ಎಂದು ಸಂತ ಯಾಕೋಬರು ತಮ್ಮ ಪತ್ರದ 2ನೇ ಅಧ್ಯಾಯದಲ್ಲಿ ಕೇಳುತ್ತಾರೆ. ಕ್ರಿಯೆಯಿಲ್ಲದ ವಿಶ್ವಾಸವನ್ನು ಅವರು ಹೋಲಿಸುವುದು ಉಸಿರಿಲ್ಲದ ದೇಹಕ್ಕೆ.

ಸಂತ ಪೌಲರು ರೋಮಿನವರಿಗೆ ಬರೆದದ್ದು ಬೇರೆ ಧಾಟಿಯದು. ಧರ್ಮಶಾಸ್ತ್ರದ ವಿಧಿಗಳನ್ನು ಪಾಲಿಸಿದ್ದರಿಂದಲ್ಲ, ವಿಶ್ವಾಸದಿಂದಲೇ ಮನುಷ್ಯ ನೀತಿವಂತನಾಗುತ್ತಾನೆ ಎನ್ನುವುದು ಅವರ ವಾದ. ಇದನ್ನೇ ಹಿಡಿದು ಜರ್ಮನಿಯ ಮಾರ್ಟಿನ್ ಲೂಥರ್ ವಿಶ್ವಾಸ ಒಂದೇ ಸಾಕು ಎಂದರು. ಪಾಪದ ಶಿಕ್ಷೆ ಕಡಿಮೆಯಾಗುತ್ತದೆಂದು ಹಣ ಪಡೆದು ಪತ್ರ ಹಂಚುತ್ತಿದ್ದ ಕಾಲ ಅದು. 1517ರಲ್ಲಿ ಅವರು ಅದನ್ನು ಪ್ರಶ್ನಿಸಿದ್ದರಲ್ಲಿ ತಪ್ಪೇನೂ ಕಾಣುವುದಿಲ್ಲ. 1547ರಲ್ಲಿ ತ್ರೆಂತ್ ಮಹಾಸಭೆ ಉತ್ತರ ಕೊಟ್ಟಿತು: ಕೃಪೆಯಿಲ್ಲದೆ ಬರೇ ಸ್ವಂತ ಕೆಲಸದಿಂದ ಯಾರೂ ನೀತಿವಂತರಾಗಲಾರರು, ಆದರೆ ಪ್ರೀತಿ ಕೂಡದ ವಿಶ್ವಾಸವೂ ಪೂರ್ಣವಲ್ಲ. ಮೊದಲ ಮಾತನ್ನು ಕೆಥೋಲಿಕರೇ ಮರೆಯುವುದುಂಟು. ಇಷ್ಟು ದುಡ್ಡು ಕೊಟ್ಟೆ, ಸ್ವರ್ಗ ಖಾತ್ರಿ ಎನ್ನುವ ವ್ಯಾಪಾರಕ್ಕೆ ಸಭೆಯ ಬೋಧನೆಯಲ್ಲಿ ಜಾಗ ಇಲ್ಲ.

ತಮಾಷೆಯೆಂದರೆ, ಈ ಎರಡೂ ಪಂಥದವರು ಜರ್ಮನ್ ನಾಡಿನ ಕಡೆಯಿಂದ ಮಂಗಳೂರಿಗೂ ಬಂದರು. ವಿಶ್ವಾಸ ಒಂದೇ ಸಾಕು ಎಂಬ ಪರಂಪರೆಯ ಬಾಸೆಲ್ ಮಿಶನ್ 1834ರಲ್ಲಿ ಬಂತು. ಬಂದವರು ಸುಮ್ಮನೆ ಕೂತರೇ? ಶಾಲೆ, ಅಚ್ಚುಕೂಟ, ಹಂಚಿನ ಕಾರ್ಖಾನೆ ತೆರೆದರು. ಜೆಸುಯಿಟ್ ಗುರು ಫಾದರ್ ಅಗಸ್ಟಸ್ ಮುಲ್ಲರ್ 1880ರಲ್ಲಿ ಬಡವರಿಗಾಗಿ ಹೋಮಿಯೋಪಥಿ ಔಷಧಾಲಯ ಶುರುಮಾಡಿದರು. ಹತ್ತು ವರ್ಷಗಳ ಬಳಿಕ, ಯಾರೂ ಹತ್ತಿರ ಸೇರಿಸದ ಕುಷ್ಠರೋಗಿಗಳಿಗೂ ಆಸರೆ ಮಾಡಿದರು. ಅದೇ ಇಂದು ಕಂಕನಾಡಿಯಲ್ಲಿ ದೊಡ್ಡ ಆಸ್ಪತ್ರೆಯಾಗಿ ನಿಂತಿದೆ. ಗಡಿಯ ಈಚೆಯಿಂದಲೂ ರೋಗಿಗಳು ಅಲ್ಲಿಗೆ ಹೋಗುತ್ತಾರೆ.

ಜಗಳ ಮಾತ್ರ ಶತಮಾನಗಳ ಕಾಲ ಎಳೆಯಿತು. ಕೊನೆಗೆ 1999ರ ಅಕ್ಟೋಬರ್ 31ರಂದು ಜರ್ಮನಿಯ ಔಗ್ಸ್‌ಬರ್ಗ್‌ನಲ್ಲಿ ಕೆಥೋಲಿಕ್ ಸಭೆ ಮತ್ತು ಲೂಥರನ್ ವಿಶ್ವ ಒಕ್ಕೂಟ ಜಂಟಿ ಘೋಷಣೆಗೆ ಸಹಿ ಹಾಕಿದವು. ದೇವರು ಮನುಷ್ಯನನ್ನು ಸ್ವೀಕರಿಸುವುದು ಕೃಪೆಯಿಂದ, ಸತ್ಕಾರ್ಯ ಅದರ ಫಲ ಎಂಬಲ್ಲಿ ಇಬ್ಬರೂ ಒಪ್ಪಿದರು. 2006ರಲ್ಲಿ ಮೆಥೋಡಿಸ್ಟರೂ ಸೇರಿಕೊಂಡರು. ಭಿನ್ನಾಭಿಪ್ರಾಯ ಪೂರ್ತಿ ಮುಗಿದಿಲ್ಲ.

ಹಾಗಾದರೆ ಯೇಸುವನ್ನೇ ಅರಿಯದೆ ಪರೋಪಕಾರ ಮಾಡುವ ನೆರೆಮನೆಯವರ ಗತಿ ಏನು? ಹಿಂದೂ, ಮುಸ್ಲಿಮರ ನಡುವೆಯೇ ಬದುಕುವ ಇಲ್ಲಿನವರಿಗೆ ಇದು ಬರೇ ಪುಸ್ತಕದ ಪ್ರಶ್ನೆಯಲ್ಲ. ತಮ್ಮದಲ್ಲದ ಕಾರಣಕ್ಕೆ ಕ್ರಿಸ್ತನನ್ನು ಅರಿಯದೆ, ಪ್ರಾಮಾಣಿಕವಾಗಿ ದೇವರನ್ನು ಹುಡುಕುತ್ತ ಮನಸ್ಸಾಕ್ಷಿಯಂತೆ ನಡೆಯುವವರೂ ರಕ್ಷಣೆ ಪಡೆಯಬಹುದು ಎಂದು ಎರಡನೇ ವ್ಯಾಟಿಕನ್ ಮಹಾಸಭೆ 1964ರಲ್ಲಿ ಹೇಳಿದೆ. ಅವರಲ್ಲೂ ಕೆಲಸ ಮಾಡುವುದು ಅದೇ ಕೃಪೆ ಎನ್ನುತ್ತದೆ ಸಭೆ. ಸಂತ ಮತ್ತಾಯರ ಶುಭಸಂದೇಶದ 25ನೇ ಅಧ್ಯಾಯದಲ್ಲಿ ಕೊನೆಯ ತೀರ್ಪಿನ ದಿನ ವಿಚಾರಣೆಯಾಗುವುದೂ ಹಸಿದವರಿಗೆ ಅನ್ನ, ಬಾಯಾರಿದವರಿಗೆ ನೀರು, ರೋಗಿಗಳ ಆರೈಕೆ, ಸೆರೆಯಲ್ಲಿದ್ದವರ ಭೇಟಿ, ಇವುಗಳದ್ದೇ. ಅಲ್ಲಿ ಬಲಗಡೆ ನಿಂತವರಿಗೆ, ತಾವು ಯಾರ ಸೇವೆ ಮಾಡಿದೆವೆಂಬುದೇ ಗೊತ್ತಿರುವುದಿಲ್ಲ.