ಕಪಾಟಿನಲ್ಲಿ ಕಾದಿರುವ ಪುಸ್ತಕಗಳು

ಪುಸ್ತಕ ಕೊಳ್ಳುವುದು ಒಂದು ಸುಖ, ಓದುವುದು ಇನ್ನೊಂದು ಸುಖ. ಮೊದಲನೆಯದಕ್ಕೆ ಹಣ ಸಾಕು, ಎರಡನೆಯದಕ್ಕೆ ಸಮಯವೂ ಬೇಕು. ಹಾಗಾಗಿಯೇ ನಮ್ಮ ಅನೇಕ ಮನೆಗಳ ಕಪಾಟು, ಅಟ್ಟ, ಮಂಚದಡಿಗಳಲ್ಲಿ ಓದದ ಪುಸ್ತಕಗಳು ರಾಶಿ ಬಿದ್ದಿವೆ. ಮಂಗಳೂರಿಗೆ ಹೋದಾಗ ಕೊಂಡದ್ದು, ಸಮ್ಮೇಳನದ ಮಳಿಗೆಯಲ್ಲಿ ರಿಯಾಯಿತಿಗೆ ಸಿಕ್ಕಿದ್ದು, ಶಾಲೆಯ ಬಹುಮಾನವಾಗಿ ಬಂದದ್ದು, ಹಿರಿಯರು ಬಿಟ್ಟು ಹೋದದ್ದು – ಎಲ್ಲವೂ ಅಲ್ಲಿವೆ. “ಇದನ್ನೆಲ್ಲ ಓದುವುದು ಯಾವಾಗ?” ಎಂದು ಮನೆಯವರು ಕೇಳಿದರೆ “ನಿವೃತ್ತಿಯಾದ ಮೇಲೆ” ಎಂಬ ಉತ್ತರ ಸಿದ್ಧವಾಗಿರುತ್ತದೆ.

ಇದು ನಮ್ಮೂರಿನ ಕಾಯಿಲೆ ಮಾತ್ರವಲ್ಲ. ಕೊಂಡು, ಓದದೆ, ಪೇರಿಸಿಡುವ ಅಭ್ಯಾಸಕ್ಕೆ ಜಪಾನೀಯರು ‘ತ್ಸುಂದೊಕು’ ಎಂಬ ಪದವನ್ನೇ ಮಾಡಿಕೊಂಡಿದ್ದಾರೆ. ಆ ಪದಕ್ಕೆ ನೂರು ವರ್ಷಕ್ಕೂ ಹೆಚ್ಚು ವಯಸ್ಸು. ಆದ್ದರಿಂದ ನಾಚಿಕೆ ಬೇಡ. ಆದರೆ ಒಂದು ಲೆಕ್ಕ ಬೇಕು.

ಮೊದಲು ಲೆಕ್ಕ

ದಿನಕ್ಕೆ 15 ಪುಟ ಓದುವವರು ವರ್ಷಕ್ಕೆ 5,475 ಪುಟ ಓದುತ್ತಾರೆ. ಎಂದರೆ 200 ಪುಟಗಳ ಸುಮಾರು 27 ಪುಸ್ತಕ. ಮನೆಯಲ್ಲಿ ಅಂಥ 150 ಪುಸ್ತಕ ಓದದೆ ಉಳಿದಿದ್ದರೆ ಅವನ್ನು ಮುಗಿಸಲು ಐದೂವರೆ ವರ್ಷ ಸಾಕು. ಅಷ್ಟೇನೂ ಭಯಪಡಬೇಕಾದ ಸಂಗತಿಯಲ್ಲ! ಆದರೆ ವರ್ಷಕ್ಕೆ 27 ಹೊಸ ಪುಸ್ತಕ ಕೊಳ್ಳುತ್ತ ಹೋದರೆ ರಾಶಿ ಒಂದಿಂಚೂ ತಗ್ಗುವುದಿಲ್ಲ. ಎರಡು ಓದಿದ ಮೇಲೆ ಒಂದು ಕೊಳ್ಳುವುದೆಂಬ ನಿಯಮ ಇಟ್ಟುಕೊಂಡರೆ ಕೊಳ್ಳುವ ಸಂತೋಷವೂ ಉಳಿಯುತ್ತದೆ, ಕಪಾಟಿಗೂ ಉಸಿರಾಡಲು ಎಡೆಯಾಗುತ್ತದೆ.

ಮೂರು ರಾಶಿ ಮಾಡಿ

ಒಂದು ರಜಾದಿನ ಮನೆಮಂದಿಯೆಲ್ಲ ಸೇರಿ ಎಲ್ಲ ಪುಸ್ತಕಗಳನ್ನು ನೆಲಕ್ಕಿಳಿಸಿ. ಈ ವರ್ಷ ಓದಲೇಬೇಕಾದ ಹನ್ನೆರಡನ್ನು ಆರಿಸಿ, ಕಣ್ಣಿಗೆ ಕಾಣುವಲ್ಲಿ ಇಡಿ. ಕಪಾಟಿನೊಳಗಿನ ಪುಸ್ತಕ ಮರೆತುಹೋಗುತ್ತದೆ, ಮೇಜಿನ ಮೇಲಿನದು ಕರೆಯುತ್ತದೆ. ಎರಡನೆಯದು ಮುಂದೆ ಓದುವ ಅಥವಾ ಬೇಕಾದಾಗ ತೆರೆಯುವ ರಾಶಿ. ನಿಘಂಟು, ಮನೆಮದ್ದು, ಕೃಷಿ ಕೈಪಿಡಿಗಳನ್ನು ಮೊದಲಿಂದ ಕೊನೆಯವರೆಗೆ ಓದಬೇಕಾಗಿಲ್ಲ. ಅವನ್ನು ಓದದವುಗಳ ಲೆಕ್ಕಕ್ಕೆ ಸೇರಿಸಲೇಬೇಡಿ. ಮೂರನೆಯದು ಕೊಟ್ಟುಬಿಡುವ ರಾಶಿ. ಮೂವತ್ತು ಪುಟ ಓದಿದರೂ ಮನಸ್ಸು ಹಿಡಿಯದ ಪುಸ್ತಕವನ್ನು ಹಟದಿಂದ ಮುಗಿಸುವ ಅಗತ್ಯವಿಲ್ಲ. ಅದಕ್ಕೆ ಬೇರೆ ಓದುಗರಿರುತ್ತಾರೆ.

ಆಟಿಯ ಮಳೆಗೆ ಮುನ್ನ

ಕಾಸರಗೋಡು, ಮಂಜೇಶ್ವರದ ಕಡೆ ಪುಸ್ತಕದ ದೊಡ್ಡ ಶತ್ರು ಮಳೆಗಾಲದ ತೇವ. ಓದುವ ಪುಸ್ತಕ ಆಗಾಗ ಕೈಗೆ ಬರುವುದರಿಂದ ಗಾಳಿ ಕಾಣುತ್ತದೆ; ಓದದ್ದಕ್ಕೆ ಮೊದಲು ಬೂಷ್ಟು ಹಿಡಿಯುತ್ತದೆ, ಆಮೇಲೆ ಬೆಳ್ಳಿ ಬಣ್ಣದ ಪುಟ್ಟ ಹುಳ ಬಂದು ರಟ್ಟಿನ ಗೋಂದನ್ನೂ ಕಾಗದವನ್ನೂ ತಿನ್ನುತ್ತದೆ. ಕಪಾಟನ್ನು ಗೋಡೆಗೆ ತಾಗಿಸದೆ ನಾಲ್ಕು ಬೆರಳು ಬಿಟ್ಟು ಇಡಿ. ಪುಸ್ತಕವನ್ನು ನೆಲದ ಮೇಲೆ ಪೇರಿಸಬೇಡಿ, ಗೆದ್ದಲಿಗೆ ಅದೇ ದಾರಿ. ಪುಸ್ತಕಗಳನ್ನು ಒತ್ತೊತ್ತಾಗಿ ತುರುಕಬೇಡಿ. ಮೇ ತಿಂಗಳಲ್ಲಿ ಒಮ್ಮೆ ಹೊರಗೆ ತೆಗೆದು, ಧೂಳು ಕೊಡವಿ, ನೆರಳಿನಲ್ಲಿ ಗಾಳಿಗೆ ಹರಡಿ. ಸುಡುಬಿಸಿಲಿಗೆ ಇಟ್ಟರೆ ಕಾಗದ ಹಳದಿಗಟ್ಟಿ ಮುರಿಯುತ್ತದೆ. ನುಸಿಗುಳಿಗೆ ಇಡುವುದಿದ್ದರೆ ಎಳೆಯ ಮಕ್ಕಳು ಮಲಗುವ ಕೋಣೆಯಲ್ಲಿ ಬೇಡ, ಅದರ ವಾಸನೆ ಅವರಿಗೆ ಒಳ್ಳೆಯದಲ್ಲ.

ನಮ್ಮಲ್ಲಿ ಇನ್ನೊಂದು ಪ್ರಶ್ನೆ

ಗಡಿನಾಡಿನ ಮನೆಗಳಲ್ಲಿ ಈ ರಾಶಿಗೆ ಇನ್ನೊಂದು ಮುಖವಿದೆ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿತು. ಇಂದು ನಮ್ಮ ಅನೇಕ ಮಕ್ಕಳು ಇಂಗ್ಲಿಷ್ ಅಥವಾ ಮಲಯಾಳ ಮಾಧ್ಯಮದಲ್ಲಿ ಕಲಿಯುತ್ತಿದ್ದಾರೆ. ಕನ್ನಡ ಮಾತನಾಡುವ ಮಗುವಿಗೂ ಕನ್ನಡ ಅಕ್ಷರ ತಡವರಿಸುತ್ತದೆ. ಅಜ್ಜನ ಕಪಾಟಿನ ಪುಸ್ತಕ ನಮಗೆ ಸಮಯವಿಲ್ಲದೆ ಉಳಿದರೆ, ಮೊಮ್ಮಗನಿಗೆ ಅಕ್ಷರ ಬಾರದೆ ಉಳಿಯುತ್ತದೆ. ಸಮಯವನ್ನು ಹೊಂದಿಸಿಕೊಳ್ಳಬಹುದು, ಆದರೆ ಅಕ್ಷರ ಒಂದು ತಲೆಮಾರಿಗೆ ತಪ್ಪಿದರೆ ಮರಳಿ ತರುವುದು ಕಷ್ಟ. ಆಮೇಲೆ ಆ ಪುಸ್ತಕಗಳು ತೂಕದ ಲೆಕ್ಕದಲ್ಲಿ ಗುಜರಿಗೆ ಹೋಗುತ್ತವೆ.

ಇದಕ್ಕೆ ಪರಿಹಾರ ದೊಡ್ಡದೇನೂ ಅಲ್ಲ. ರಾತ್ರಿ ಊಟವಾದ ಮೇಲೆ ಓದದ ರಾಶಿಯಿಂದ ಒಂದು ಕಥೆ ತೆಗೆಯಿರಿ. ಎರಡು ಪುಟ ಅಜ್ಜಿ ಓದಲಿ, ಅರ್ಧ ಪುಟ ಮಗು ಓದಲಿ. ತಪ್ಪಿದರೆ ನಗಬೇಡಿ. ಹೀಗೆ ರಾಶಿಯೂ ಕರಗುತ್ತದೆ, ಮಗುವಿನ ನಾಲಗೆಯೂ ಪಳಗುತ್ತದೆ.

ಕೊಡುವುದಾದರೆ

ಭಾರತದ ಗ್ರಂಥಾಲಯ ಶಾಸ್ತ್ರದ ಪಿತಾಮಹ ಎಸ್. ಆರ್. ರಂಗನಾಥನ್ 1931ರಲ್ಲಿ ಐದು ಸೂತ್ರಗಳನ್ನು ಕೊಟ್ಟರು. ಪುಸ್ತಕ ಇರುವುದು ಬಳಸುವುದಕ್ಕೆ, ಪ್ರತಿಯೊಂದು ಪುಸ್ತಕಕ್ಕೂ ಎಲ್ಲೋ ಒಬ್ಬ ಓದುಗನಿದ್ದಾನೆ ಎಂಬುವು ಅವುಗಳಲ್ಲಿ ಎರಡು. ‘ಗೊಲ್ಗೊಥಾ’ ಬರೆದ ನಮ್ಮ ಮಂಜೇಶ್ವರದ ಗೋವಿಂದ ಪೈಗಳು ಹಲವು ಭಾಷೆಗಳ ಗ್ರಂಥಗಳನ್ನು ಕೂಡಿಸಿದ್ದರು. ಅವರು 1963ರಲ್ಲಿ ತೀರಿಕೊಂಡ ಮೇಲೆ ಆ ಸಂಗ್ರಹ ಉಡುಪಿಯ ಎಂ.ಜಿ.ಎಂ. ಕಾಲೇಜಿಗೆ ಸೇರಿ ಸಂಶೋಧಕರ ಕೈಗೆ ದೊರಕಿತು. ಒಬ್ಬರ ಮನೆಯ ಕಪಾಟು ಊರಿನ ಆಸ್ತಿಯಾಗುವುದು ಹೀಗೆ.

ಆದರೆ ಕೊಡುವ ಮೊದಲು ಕೇಳಿ. ಪಟ್ಟಿ ಮಾಡಿ ಹತ್ತಿರದ ವಾಚನಾಲಯಕ್ಕೋ ಕನ್ನಡ ಶಾಲೆಗೋ ತೋರಿಸಿ, ಅವರಿಗೆ ಬೇಕಾದುದನ್ನು ಮಾತ್ರ ಕೊಡಿ. ಬೂಷ್ಟು ಹಿಡಿದದ್ದನ್ನು ದಾನದ ಹೆಸರಿನಲ್ಲಿ ದಾಟಿಸಬೇಡಿ, ಅದು ಅಲ್ಲಿನ ಒಳ್ಳೆಯ ಪುಸ್ತಕಗಳನ್ನೂ ಕೆಡಿಸುತ್ತದೆ. ನಿಮ್ಮ ನಂತರ ಯಾವುದು ಯಾರಿಗೆ ಹೋಗಬೇಕೆಂದು ಮಕ್ಕಳಿಗೆ ಈಗಲೇ ಹೇಳಿಡಿ.

ಕೇರಳದಲ್ಲಿ ಗ್ರಂಥಾಲಯ ಚಳವಳಿ ಕಟ್ಟಿದ ಪಿ. ಎನ್. ಪಣಿಕ್ಕರ್ 1995ರ ಜೂನ್ 19ರಂದು ನಿಧನರಾದರು. ಅವರ ನೆನಪಿಗೆ ಆ ದಿನವನ್ನು ಇಲ್ಲಿ ಓದಿನ ದಿನವಾಗಿ ಆಚರಿಸುತ್ತಾರೆ. ಮಳೆ ಹಿಡಿದು ಮನೆಯೊಳಗೆ ಕೂರುವ ಕಾಲವೂ ಅದೇ. ಬರುವ ಜೂನ್ 19ರಂದು ನಿಮ್ಮ ರಾಶಿಯ ಅಡಿಯಲ್ಲಿರುವ, ಎಲ್ಲಕ್ಕಿಂತ ಹೆಚ್ಚು ಕಾಲ ಕಾದಿರುವ ಪುಸ್ತಕವನ್ನು ಎಳೆದು ತೆಗೆಯಿರಿ. ಅದರ ಮೊದಲ ಹದಿನೈದು ಪುಟವನ್ನು ಅಂದೇ ಓದಿಬಿಡಿ.