ಬಾನಿನ ಚಿತ್ರವೂ ಗಾಜಿನೆಳೆಯ ಚಿತ್ರವೂ

1975ನೆಯ ಆಗಸ್ಟ್ 1ರಿಂದ ಒಂದು ವರ್ಷಕಾಲ ನಮ್ಮ ದೇಶದ ಸುಮಾರು 2,400 ಹಳ್ಳಿಗಳ ಜನರು ಅಮೇರಿಕೆಯ ಉಪಗ್ರಹವೊಂದರ ಮೂಲಕ ಟೆಲಿವಿಷನ್ ನೋಡಿದರು. ರಾಯಚೂರು, ಗುಲ್ಬರ್ಗಾ, ಬಿಜಾಪುರ ಜಿಲ್ಲೆಗಳ ಹಳ್ಳಿಗಳೂ ಅವುಗಳಲ್ಲಿದ್ದುದನ್ನು ವಾಚಕರಲ್ಲಿ ಹಿರಿಯರು ಮರೆತಿರಲಾರರು. ಆ ಕ್ರಮದ ಗುಣವೇನೆಂದರೆ, ಸುಮಾರು 36,000 ಕಿಲೋಮೀಟರ್ ಎತ್ತರದಿಂದ ಒಂದೇ ಚಿತ್ರವು ಮಳೆಯಂತೆ ಎಲ್ಲರ ಮೇಲೆಯೂ ಬೀಳುವುದು. ನೋಡುವವರು ಹತ್ತು ಮಂದಿಯಾದರೂ ಕೋಟಿಯಾದರೂ ಉಪಗ್ರಹಕ್ಕೆ ಭಾರವಿಲ್ಲ. ದೂರದರ್ಶನದ ಫ್ರೀ ಡಿಶ್ ಇಂದಿಗೂ ಈ ಬಗೆಯದೇ. ತಟ್ಟೆಯನ್ನೂ ಪೆಟ್ಟಿಗೆಯನ್ನೂ ಕೊಂಡ ಮೇಲೆ ತಿಂಗಳ ಬಾಡಿಗೆಯಿಲ್ಲ.

ಸ್ಟ್ರೀಮಿಂಗ್ ಎಂಬುದಾದರೋ ಬಾವಿಯ ನೀರಿನಂತೆ. ಬೇಕಾದುದನ್ನು ಬೇಕಾದ ವೇಳೆಯಲ್ಲಿ ಸೇದಿಕೊಳ್ಳಬಹುದು. ಆದರೆ ಪ್ರತಿಯೊಬ್ಬರಿಗೂ ಬೇರೆ ಹಗ್ಗ ಬೇಕು. ಸ್ಪಷ್ಟವಾದ ಒಂದು ಚಿತ್ರಕ್ಕೆ ಸೆಕೆಂಡಿಗೆ ಸುಮಾರು 5 ಮೆಗಾಬಿಟ್ ಬೇಕಾಗುವುದು. ಒಂದೇ ಮನೆಯಲ್ಲಿ ಅಣ್ಣನು ಕ್ರಿಕೆಟ್ಟನ್ನೂ ತಂಗಿಯು ಪಾಠವನ್ನೂ ನೋಡಹೊರಟರೆ ಅದು ಇಮ್ಮಡಿಯಾಗುವುದು. (ಸಾಲದೆ ಬಂದಾಗ ಯಾರದು ನಿಲ್ಲುವುದೆಂಬುದನ್ನು ತಾಯಂದಿರಿಗೆ ನಾವು ಹೇಳಬೇಕಾಗಿಲ್ಲ.)

ಈಗ ಭಾರತ್‌ನೆಟ್ ಎನಿಸಿಕೊಳ್ಳುವ ಯೋಜನೆಯು 2011ರಲ್ಲಿ ಒಪ್ಪಿಗೆ ಪಡೆದು, ಗ್ರಾಮಪಂಚಾಯತಿಗಳ ತನಕ ಗಾಜಿನೆಳೆಯನ್ನು ಒಯ್ಯಲು ಹೊರಟಿತು. ಅಲ್ಲಿಂದ ಮನೆಯ ಹೊಸ್ತಿಲವರೆಗಿನ ದಾರಿಯೇ ಕಠಿಣವಾದುದು. 2020ರಲ್ಲಿ ಶಾಲೆಗಳು ಮುಚ್ಚಿದ್ದಾಗ, ಎಳೆ ಬಾರದಿದ್ದ ಮನೆಗಳಲ್ಲಿಯೂ ಹುಡುಗಿಯರು ಚಂದನ ವಾಹಿನಿಯ ಪಾಠಗಳನ್ನು ನೋಡಬಹುದಾಗಿತ್ತು. ಆದಕಾರಣ ಮಾಳಿಗೆಯ ತಟ್ಟೆಯನ್ನು ಅವಸರದಿಂದ ಬಿಚ್ಚತಕ್ಕದ್ದಲ್ಲವೆಂದು ನಮ್ಮ ಅಭಿಪ್ರಾಯ.