ಕೋಲಿಫಾರ್ಮ್ ಇಲ್ಲವೆಂದರೆ ವೈರಸ್ ಇಲ್ಲವೆಂದಲ್ಲ

1955ರ ಕೊನೆಯಲ್ಲಿ ಯಮುನೆಯ ಹರಿವು ಬದಲಾಗಿ, ದೆಹಲಿಯ ಚರಂಡಿ ನೀರು ವಜೀರಾಬಾದಿನಲ್ಲಿ ಊರಿಗೆ ನೀರೆತ್ತುವ ಜಾಗಕ್ಕೇ ಬಂದು ಸೇರಿತು. ಅಪಾಯವನ್ನು ಗುರುತಿಸಿದ ಎಂಜಿನಿಯರುಗಳು ಕ್ಲೋರಿನ್ ಹೆಚ್ಚಿಸಿದರು. ಟೈಫಾಯಿಡ್ ಏರಲಿಲ್ಲ. ಆದರೆ ಕೆಲವು ವಾರಗಳಲ್ಲಿ ಸುಮಾರು 29,000 ಜನ ಕಾಮಾಲೆಗೆ ಬಿದ್ದರು. ಅದು ಹೆಪಟೈಟಿಸ್ ಇ ವೈರಸ್ಸಿನ ಕೆಲಸವೆಂದು ತಿಳಿದದ್ದು ದಶಕಗಳ ನಂತರ. ಬ್ಯಾಕ್ಟೀರಿಯಾ ಸತ್ತ ನೀರಿನಲ್ಲೇ ವೈರಸ್ ಉಳಿದಿತ್ತು. ಕೊಳಚೆಯನ್ನು ಶುದ್ಧಗೊಳಿಸಿ ಮತ್ತೆ ಬಳಸುವ ಎಲ್ಲ ಯೋಜನೆಗಳೂ ನೆನಪಿಡಬೇಕಾದ ಪಾಠ ಇದು. ನೀರಿನಲ್ಲಿ ಕೋಲಿಫಾರ್ಮ್ ಎಂಬ ಬ್ಯಾಕ್ಟೀರಿಯಾ ಎಷ್ಟಿದೆ ಎಂದು ನೋಡಿದರೆ ಬ್ಯಾಕ್ಟೀರಿಯಾದ ಸುದ್ದಿ ಗೊತ್ತಾಗುತ್ತದೆ, ವೈರಸ್ಸಿನದು ಗೊತ್ತಾಗುವುದಿಲ್ಲ.

ನಮ್ಮಲ್ಲಿ ಈ ಮಾತು ನೇರವಾಗಿ ತಟ್ಟುವುದು ಕೋಲಾರಕ್ಕೆ. ಬೆಂಗಳೂರಿನಲ್ಲಿ ಎರಡನೇ ಹಂತದವರೆಗೆ ಸಂಸ್ಕರಿಸಿದ ನೀರು ಕೆ.ಸಿ. ವ್ಯಾಲಿ ಯೋಜನೆಯ ಮೂಲಕ 2018ರಿಂದ ಅಲ್ಲಿನ ಕೆರೆಗಳಿಗೆ ಹರಿಯುತ್ತಿದೆ. ಬತ್ತಿದ್ದ ಕೆರೆಗಳು ತುಂಬಿದವು, ಸುತ್ತಲ ಕೊಳವೆಬಾವಿಗಳಿಗೆ ಜೀವ ಬಂತು. ಬರ ಕಂಡ ಜಿಲ್ಲೆಗೆ ಇದು ಸಣ್ಣ ಲಾಭವಲ್ಲ. ಸಂಸ್ಕರಿಸದೆ ಹೊಳೆಗೆ ಬಿಡುವ ಕೊಳಚೆ ಇದಕ್ಕಿಂತ ಎಷ್ಟೋ ಪಾಲು ಕೆಟ್ಟದ್ದು ಎಂಬುದೂ ನಿಜ. ಆದರೆ ಎರಡನೇ ಹಂತದ ಮುಖ್ಯ ಕೆಲಸ ನೀರಿನಲ್ಲಿ ಕರಗಿದ ಕೊಳೆಯನ್ನು ಸೂಕ್ಷ್ಮಜೀವಿಗಳಿಗೆ ತಿನ್ನಿಸಿ ಕೆಸರಾಗಿ ತಳಕ್ಕಿಳಿಸುವುದು. ವೈರಸ್ಸುಗಳೂ ಒಂದಷ್ಟು ಕೆಸರಿಗೆ ಅಂಟಿ ಹೋಗುತ್ತವೆ. ನೂರಕ್ಕೆ ತೊಂಬತ್ತೊಂಬತ್ತು ಹೋದವೆಂದೇ ಇಟ್ಟುಕೊಳ್ಳೋಣ. ರೋಟಾವೈರಸ್ ತಗುಲಿದ ಮಗುವಿನ ಒಂದು ಗ್ರಾಂ ಮಲದಲ್ಲಿ ನೂರಾರು ಕೋಟಿ ವೈರಸ್ಸುಗಳಿರಬಹುದು, ಕಾಯಿಲೆ ಹಿಡಿಯಲು ಕೆಲವೇ ಸಾಕು. ಹಾಗಿರುವಾಗ ಉಳಿದ ಆ ಒಂದು ಪಾಲೇ ಕೋಟಿಗಟ್ಟಲೆ ಆಗುತ್ತದೆ. ಅದಕ್ಕೇ ಕ್ಯಾಲಿಫೋರ್ನಿಯಾದಲ್ಲಿ ಇಂಥ ನೀರನ್ನು ಕುಡಿಯುವ ಅಂತರ್ಜಲಕ್ಕೆ ಸೇರಿಸಬೇಕಾದರೆ, ಕೊಳಚೆಯಿಂದ ಬಳಕೆಯವರೆಗಿನ ಹಾದಿಯಲ್ಲಿ ಲಕ್ಷ ಕೋಟಿ ವೈರಸ್ಸಿಗೆ ಒಂದು ಮಾತ್ರ ಉಳಿಯುವಷ್ಟು ತಡೆ ಇರಬೇಕೆಂಬ ನಿಯಮವಿದೆ.

ಮಣ್ಣೇ ಸೋಸುತ್ತದಲ್ಲ ಎನ್ನುವವರಿದ್ದಾರೆ. ಮರಳುನೆಲದಲ್ಲಿ ಆ ಮಾತಿಗೆ ತೂಕವಿದೆ. ಕೋಲಾರದ್ದು ಗಟ್ಟಿ ಕಲ್ಲಿನ ನೆಲ. ಅಲ್ಲಿ ನೀರು ಬಂಡೆಯ ಬಿರುಕುಗಳಲ್ಲಿ ಓಡುತ್ತದೆ, ಬಿರುಕು ಸೋಸುವುದು ಕಡಿಮೆ. ಇಷ್ಟು ವರ್ಷವಾಯಿತು, ರೋಗ ಹರಡಿದ್ದೆಲ್ಲಿ ಎಂಬ ಪ್ರಶ್ನೆ ಇನ್ನೂ ಗಂಭೀರವಾದದ್ದು. ಹೆಪಟೈಟಿಸ್ ಇ ಮೈಸೇರಿ ಲಕ್ಷಣ ತೋರಲು ಎರಡರಿಂದ ಹತ್ತು ವಾರ ಬೇಕು. ಹಲವರಿಗೆ ಲಕ್ಷಣವೇ ಇರುವುದಿಲ್ಲ. ಹಳ್ಳಿಯ ಒಂದು ಕಾಮಾಲೆಯನ್ನು ಎರಡು ತಿಂಗಳ ಹಿಂದೆ ಕುಡಿದ ನೀರಿಗೆ ಯಾರು ಜೋಡಿಸುತ್ತಾರೆ? ತುಂಬು ಗರ್ಭಿಣಿಯರಲ್ಲಿ ಈ ಕಾಯಿಲೆ ಜೀವವನ್ನೇ ತೆಗೆಯಬಲ್ಲದು, ಆದ್ದರಿಂದ ಕಾಣಲಿಲ್ಲವೆಂದು ನೆಮ್ಮದಿಯಾಗಿ ಕೂರುವುದು ಸರಿಯಲ್ಲ.

ಹೀಗೆ ಹೆದರಿಸಿದರೆ ಜನ ಮರುಬಳಕೆಯನ್ನೇ ಬೇಡವೆನ್ನುತ್ತಾರೆ ಎಂಬ ಆತಂಕಕ್ಕೆ ನಮೀಬಿಯಾದ ವಿಂಡ್‌ಹುಕ್ ಉತ್ತರ ಕೊಟ್ಟಿದೆ. ಆ ಮರಳುಗಾಡಿನ ನಾಡಿನ ರಾಜಧಾನಿ 1968ರಿಂದ ಕೊಳಚೆಯನ್ನೇ ಕುಡಿಯುವ ನೀರಾಗಿ ಮಾಡಿಕೊಂಡಿದೆ, ಒಂದರ ಹಿಂದೊಂದು ತಡೆಯಿಟ್ಟು, ಪರೀಕ್ಷೆಯನ್ನು ಎಂದೂ ಬಿಡದೆ. ಖರ್ಚಿದೆ, ನಿಜ, ಆ ಖರ್ಚನ್ನು ಕೊಳಚೆ ಹುಟ್ಟಿಸುವ ನಗರ ಹೊರಬೇಕು, ನೀರು ಪಡೆಯುವ ಹಳ್ಳಿಯಲ್ಲ. ಕೋಲಾರದ ಕೆರೆಗಳಿಗೆ ವೈರಸ್ಸನ್ನೂ ತಡೆಯುವಂಥ ಮೂರನೇ ಹಂತದ ಸಂಸ್ಕರಣೆ ಬರಲಿ, ವೈರಸ್ ಪರೀಕ್ಷೆಯ ಫಲಿತಾಂಶ ಪ್ರತಿ ತಿಂಗಳು ಗ್ರಾಮ ಪಂಚಾಯಿತಿಯ ಫಲಕದಲ್ಲಿ ಕಾಣಲಿ. ಅಲ್ಲಿಯವರೆಗೆ ಕೆರೆಯಂಚಿನ ಕೊಳವೆಬಾವಿಯ ನೀರನ್ನು ದಯವಿಟ್ಟು ಕುದಿಸಿಯೇ ಕುಡಿಯಿರಿ.